ಕೀಲಿಕೈ ಯಾರ ಕೈಯಲ್ಲಿ?

ಹಿಂದಿನ ಕಾಲದ ಮನೆಗಳಲ್ಲಿ ಉಗ್ರಾಣದ ಕೀಲಿಕೈ ಮನೆಯ ಹಿರಿಯಳ ಸೆರಗಿನ ತುದಿಯಲ್ಲಿರುತ್ತಿತ್ತು. ಆಕೆ ನಡೆದಾಡುವ ಸಪ್ಪಳ ಕೇಳಿದೊಡನೆ ಮಕ್ಕಳು ಬೆಲ್ಲದ ಡಬ್ಬಿಯಿಂದ ಕೈ ತೆಗೆಯುತ್ತಿದ್ದರು. ಆ ಕೀಲಿಕೈಗೆ ರೂಪವಿತ್ತು, ತೂಕವಿತ್ತು. ಅದು ಯಾರ ಬಳಿಯಲ್ಲಿದೆಯೆಂಬುದು ಮನೆಗೆಲ್ಲ ಗೊತ್ತಿತ್ತು. ಕಳೆದರೆ ಅಂಗಳವನ್ನೆಲ್ಲ ಜರಡಿ ಹಿಡಿದು ಹುಡುಕಬಹುದಿತ್ತು. ಈಗಿನ ಕೀಲಿಕೈಗೆ ಇದಾವುದೂ ಇಲ್ಲ. ಅದೊಂದು ಬರಿಯ ಶಬ್ದ. ಒಬ್ಬನ ತಲೆಯಲ್ಲಿದ್ದರೂ ಅದು ಕೀಲಿಕೈಯೇ, ಊರವರೆಲ್ಲರ ತಲೆಯಲ್ಲಿದ್ದರೂ ಕೀಲಿಕೈಯೇ. ಅದು ಕಳೆದುಹೋಗಿದೆಯೆಂದು ತಿಳಿಯುವುದು ಬಾಗಿಲು ತೆರೆಯದಿದ್ದಾಗ ಮಾತ್ರ.

ಬೈಲಹೊಂಗಲದ ಒಂದು ಪ್ರೌಢಶಾಲೆಯ ವಿಜ್ಞಾನದ ಮಾಸ್ತರರಿಗೆ ಈ ಸಂಗತಿ ಮನವರಿಕೆಯಾದದ್ದು ಸೇವೆಯ ಕೊನೆಯ ವರ್ಷದಲ್ಲಿ. ಅದೂ ಅವರು ಬಯಸಿದ ರೀತಿಯಲ್ಲಲ್ಲ.

ಶಾಲೆಗೆ ಹೊಸದೊಂದು ಸಭಾಭವನವಾಗಿತ್ತು. ಹಳೆಯ ವಿದ್ಯಾರ್ಥಿಗಳು ಹಣ ಕೂಡಿಸಿ ಕಟ್ಟಿಸಿದ್ದು. ಗೋಡೆಗೆ ಪ್ರೊಜೆಕ್ಟರು, ಮೇಲಿಂದ ಇಳಿಯುವ ಪರದೆ, ನಾಲ್ಕು ಮೈಕು, ಸಮಾರಂಭಗಳನ್ನು ಚಿತ್ರೀಕರಿಸಲು ಎರಡು ಕ್ಯಾಮೆರಾ, ವೇದಿಕೆಯ ಮಗ್ಗುಲಿನ ಸಣ್ಣ ಕೋಣೆಯಲ್ಲಿ ಕಬ್ಬಿಣದ ಕಪಾಟು. ಆ ಕಪಾಟಿನೊಳಗೆ ಇವೆಲ್ಲವನ್ನೂ ಆಳುವ ಒಂದು ಪೆಟ್ಟಿಗೆ. ಅದಕ್ಕೆ ಕಂಟ್ರೋಲರ್ ಎಂದು ಹೆಸರು. ವೇದಿಕೆಯ ಪಕ್ಕದ ಗೋಡೆಯಲ್ಲಿ ಅಂಗೈಯಗಲದ ಗಾಜಿನ ಫಲಕ. ಅದರ ಮೇಲೆ 'ಸಭೆ ಆರಂಭ' ಎಂಬುದನ್ನು ಮುಟ್ಟಿದರಾಯಿತು: ದೀಪಗಳು ಮಂಕಾಗುವುವು, ಪರದೆ ಇಳಿಯುವುದು, ಪ್ರೊಜೆಕ್ಟರು ಕಣ್ಣು ತೆರೆಯುವುದು, ಮೈಕುಗಳಿಗೆ ಬಾಯಿ ಬರುವುದು. ಮೊದಲ ಸಲ ಇದನ್ನು ನೋಡಿದ ಶಾಲಾ ಸಮಿತಿಯ ಹಿರಿಯರೊಬ್ಬರು ಕೈಜೋಡಿಸಿ ನಮಸ್ಕರಿಸಿದರೆಂದು ಹೇಳುತ್ತಾರೆ.

ನಮಸ್ಕಾರಕ್ಕೆ ಆ ಪೆಟ್ಟಿಗೆ ಅರ್ಹವೇ ಸರಿ. ಆದರೆ ಅದರ ಕೆಲಸ ದೊಡ್ಡ ಮನೆಯ ಕಾರಭಾರಿಯ ಕೆಲಸಕ್ಕಿಂತ ಬೇರೆಯಲ್ಲ. ಕಾರಭಾರಿ ಒಬ್ಬೊಬ್ಬ ಆಳಿನ ಬಳಿಗೂ ಹೋಗಿ ಯಜಮಾನನ ಅಪ್ಪಣೆಯನ್ನು ತಿಳಿಸಬೇಕು. ಆಳು ಚತುರನಾಗಿದ್ದರೆ, 'ನೀನು ಯಾರು? ಗುರುತೇನು?' ಎಂದು ಕೇಳುತ್ತಾನೆ. ಪ್ರೊಜೆಕ್ಟರು, ಧ್ವನಿಯ ಪೆಟ್ಟಿಗೆ, ಕ್ಯಾಮೆರಾ ಎಲ್ಲವೂ ಹೀಗೆಯೇ ಕೇಳುತ್ತವೆ. ಕಂಟ್ರೋಲರ್ ತನ್ನ ಹೊಟ್ಟೆಯಲ್ಲಿಟ್ಟುಕೊಂಡ ಹೆಸರನ್ನೂ ಪಾಸ್‌ವರ್ಡನ್ನೂ ಹೇಳಿ ಒಳಗೆ ಹೋಗುತ್ತದೆ. ಎಂದರೆ ಪ್ರತಿಯೊಂದು ಯಂತ್ರದ ಗುಪ್ತಪದವೂ ಎರಡು ಕಡೆ ಬರೆದಿರುತ್ತದೆ: ಯಂತ್ರದಲ್ಲಿ ಒಂದು, ಅದನ್ನು ಕರೆಯುವ ಕಾರಭಾರಿಯಲ್ಲಿ ಒಂದು. ಎರಡೂ ಒಂದೇ ಆಗಿರಬೇಕು. ಮಾಸ್ತರರು ತಿಳಿಯದೆ ಹೋದದ್ದು ಈ ಒಂದು ಮಾತನ್ನು.

ಯಂತ್ರಗಳನ್ನು ಜೋಡಿಸಿದವರು ಹೆಚ್ಚು ತಲೆ ಕೆಡಿಸಿಕೊಂಡಿರಲಿಲ್ಲ. ಕಾರಖಾನೆಯಿಂದ ಬರುವಾಗ ಯಂತ್ರಗಳಲ್ಲಿ ಯಾವ ಹೆಸರಿತ್ತೋ ಅದನ್ನೇ ಉಳಿಸಿ ಹೋದರು. ಹೆಸರು 'ಅಡ್ಮಿನ್', ಪಾಸ್‌ವರ್ಡೂ 'ಅಡ್ಮಿನ್'. ಯಾರೂ ಮರೆಯಬಾರದೆಂದು ಅದನ್ನೊಂದು ಚೀಟಿಯಲ್ಲಿ ಬರೆದು ಕಪಾಟಿನ ಬಾಗಿಲ ಒಳಮಗ್ಗುಲಿಗೆ ಅಂಟಿಸಿದ್ದರು. ಇದು ಬೈಲಹೊಂಗಲದ ವಿಶೇಷವೇನಲ್ಲ. ಜಗತ್ತೆಲ್ಲ ಬಹುಕಾಲ ನಡೆದದ್ದು ಹೀಗೆಯೇ. ೨೦೧೬ರ ಅಕ್ಟೋಬರ ೨೧ರಂದು ಅಮೇರಿಕೆಯಲ್ಲಿ ಟ್ವಿಟರ್, ನೆಟ್‌ಫ್ಲಿಕ್ಸ್ ಮೊದಲಾದ ಹೆಸರಾಂತ ಜಾಲತಾಣಗಳು ಗಂಟೆಗಟ್ಟಲೆ ತೆರೆಯದೆ ಹೋದುವು. ಕಾರಣವನ್ನು ಹುಡುಕಿದಾಗ ಕಂಡದ್ದು 'ಮಿರಾಯ್' ಎಂಬ ಸಣ್ಣ ತಂತ್ರಾಂಶ. ಅದರ ಬಳಿ ಇದ್ದ ಆಯುಧ ಅರವತ್ತು ಚಿಲ್ಲರೆ ಹೆಸರು-ಪಾಸ್‌ವರ್ಡುಗಳ ಪಟ್ಟಿ ಮಾತ್ರ. ಎಲ್ಲವೂ 'ಅಡ್ಮಿನ್, ಅಡ್ಮಿನ್' ಎಂಬ ಜಾತಿಯವು. ಮನೆಮನೆಯ, ಅಂಗಡಿ ಅಂಗಡಿಯ ಕ್ಯಾಮೆರಾಗಳ ಬಾಗಿಲು ತಟ್ಟಿ, ತೆರೆದವುಗಳನ್ನೆಲ್ಲ ತನ್ನ ದಂಡಿಗೆ ಸೇರಿಸಿಕೊಂಡು ಅದು ದಾಳಿಯಿಟ್ಟಿತ್ತು. ಅದನ್ನು ಬರೆದವರು ಯಾವ ಶತ್ರುರಾಷ್ಟ್ರದ ಸೇನಾನಿಗಳೂ ಅಲ್ಲ. ಎಳೆಯ ವಯಸ್ಸಿನ ಮೂವರು. ೨೦೧೭ರಲ್ಲಿ ನ್ಯಾಯಾಲಯದೆದುರು ತಪ್ಪನ್ನೊಪ್ಪಿಕೊಂಡರು. ಆಮೇಲೆ ಸರಕಾರಗಳು ಎಚ್ಚತ್ತುವು. ಯಂತ್ರಕ್ಕೊಂದು ಬೇರೆ ಪಾಸ್‌ವರ್ಡ್ ಇರಬೇಕು, ಇಲ್ಲವೆ ಕೊಂಡವನು ಮೊದಲ ದಿನವೇ ಹೊಸದನ್ನಿಡುವಂತೆ ಅದು ಒತ್ತಾಯಿಸಬೇಕು ಎಂಬ ಕಾಯಿದೆ ಕ್ಯಾಲಿಫೋರ್ನಿಯದಲ್ಲಿ ೨೦೨೦ರ ಜನವರಿಯಿಂದ ಜಾರಿಗೆ ಬಂತು. ಅದೇ ಬಗೆಯದು ಬ್ರಿಟನ್ನಿನಲ್ಲಿ ೨೦೨೪ರ ಏಪ್ರಿಲ್‌ನಿಂದ.

ಮಾಸ್ತರರು ಈ ಮಿರಾಯ್ ಕಥೆಯನ್ನು ಓದಿದ್ದು ೨೦೨೪ರ ದಸರೆಯ ರಜೆಯಲ್ಲಿ. ಓದಿದವರಿಗೆ ರಾತ್ರಿ ನಿದ್ದೆ ಸರಿಯಾಗಿ ಬರಲಿಲ್ಲ. ಬನ್ನಿ ಹಂಚಿದ ಎರಡನೆಯ ದಿನ, ಅಕ್ಟೋಬರ ೧೪ರ ಸಂಜೆ, ಅವರು ಶಾಲೆಯ ಪಟ್ಟೇವಾಲಾನ ಮನೆಗೆ ಹೋಗಿ ಸಭಾಭವನದ ಕೀಲಿಕೈ ಕೇಳಿದರು.

ಆ ಪಟ್ಟೇವಾಲಾನನ್ನು ಶಾಲೆಯಲ್ಲಿ ಹೆಸರಿನಿಂದ ಕರೆಯುವವರಿಲ್ಲ. ಮಕ್ಕಳಿಂದ ಮಾಸ್ತರರವರೆಗೆ ಎಲ್ಲರಿಗೂ ಆತ 'ಕಾಕಾ'. ಏಳನೆಯ ಇಯತ್ತೆಯವರೆಗೆ ಓದಿದವನು. ಗಂಟೆ ಹೊಡೆಯುವುದು, ನೀರು ತುಂಬುವುದು, ಮೂವತ್ತು ವರ್ಷಗಳಿಂದ ಶಾಲೆಯ ಎಲ್ಲ ಕೋಣೆಗಳ ಕೀಲಿಕೈ ಗೊಂಚಲನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ತಿರುಗುವುದು ಆತನ ಕೆಲಸ. "ರಜಾದಾಗ ಯಾಕ್ರಿ ಸರ?" ಎಂದು ಕೇಳಿದ. "ಸ್ವಲ್ಪ ಕೆಲಸ ಐತಿ" ಎಂದರು ಮಾಸ್ತರರು. ಆತ ಗೊಂಚಲಿನಿಂದ ಒಂದನ್ನು ಬಿಡಿಸಿಕೊಟ್ಟ.

ರಾತ್ರಿ ಎಂಟೂವರೆಯ ಹೊತ್ತಿಗೆ ಮಾಸ್ತರರು ಪ್ರೊಜೆಕ್ಟರಿನ ಪಾಸ್‌ವರ್ಡನ್ನೂ ಧ್ವನಿಯ ಪೆಟ್ಟಿಗೆಯ ಪಾಸ್‌ವರ್ಡನ್ನೂ ಬದಲಿಸಿದ್ದರು. ಹೊಸದನ್ನು ದಿನಚರಿಯಲ್ಲಿ ಬರೆದುಕೊಂಡರು. ಕಂಟ್ರೋಲರನ್ನು ಮುಟ್ಟಲಿಲ್ಲ; ಅದನ್ನು ಮುಟ್ಟಬೇಕೆಂದು ತಿಳಿದಿರಲಿಲ್ಲ. ಕಳ್ಳನ ಮುಖಕ್ಕೆ ಬಾಗಿಲು ಹಾಕಿದ ಸಮಾಧಾನದಿಂದ ಮನೆಗೆ ಹೋಗಿ ಉಂಡು ಮಲಗಿದರು. ಕಾರಭಾರಿ ಮಾತ್ರ ಹಳೆಯ ಗುರುತನ್ನೇ ಹಿಡಿದುಕೊಂಡು ಆ ರಾತ್ರಿಯಿಂದ ಎರಡೂ ಬಾಗಿಲುಗಳನ್ನು ತಟ್ಟುತ್ತ ನಿಂತಿತು.

ಶಾಲೆ ಮತ್ತೆ ತೆರೆದದ್ದು ೨೧ನೆಯ ತಾರೀಖು. ಕಸ ಗುಡಿಸಲು ಹೋದ ಕಾಕಾ ಬಂದು, "ಸರ, ಆ ಗ್ವಾಡಿ ಗಾಜಿನ್ಯಾಗ ಸಣ್ಣದೊಂದು ಕೆಂಪ ದೀಪ ಹತ್ತೇತ್ರಿ" ಎಂದ. ಮಾಸ್ತರರು ಪರೀಕ್ಷೆಯ ಅಂಕಗಳನ್ನು ಕೂಡಿಸುತ್ತಿದ್ದರು. "ಇರ್ಲಿ ಬಿಡೋ" ಎಂದರು.

ಇನ್ನು ಅಕ್ಟೋಬರ ೨೩ ಆ ಸೀಮೆಗೆ ಎಂಥ ದಿನವೆಂಬುದನ್ನು ಹೇಳಬೇಕಾದುದಿಲ್ಲ. ಹೇಳದೆ ಬಿಡಲೂ ಆಗದು. ೧೮೨೪ರ ಸೆಪ್ಟೆಂಬರದಲ್ಲಿ ಕಿತ್ತೂರಿನ ಶಿವಲಿಂಗರುದ್ರ ಸರ್ಜನು ತೀರಿಕೊಂಡನು. ದತ್ತಕವನ್ನು ಒಪ್ಪದ ಧಾರವಾಡದ ಕಲೆಕ್ಟರ ಥ್ಯಾಕರೆ ಕಿತ್ತೂರಿನ ಭಂಡಾರಕ್ಕೆ ಮೊಹರು ಹಾಕಿ ತನ್ನ ಕಾವಲಿಟ್ಟನು. ಮನೆಯವರನ್ನು ಹೊರಗಿಟ್ಟು ಮನೆಯ ತಿಜೋರಿಗೆ ಪರರು ಅರಗು ಮೆತ್ತಿದರೆ ಏನಾಗಬೇಕೋ ಅದೇ ಆಯಿತು. ಅಕ್ಟೋಬರ ೨೩ರಂದು ಕೋಟೆಯ ಬಾಗಿಲು ಮುಚ್ಚಿತು. ಅದು ತೆರೆದಾಗ ಹೊರಬಿದ್ದ ಕಿತ್ತೂರಿನ ದಂಡಿಗೆ ಥ್ಯಾಕರೆ ಬಲಿಯಾದನು. ಆಂಗ್ಲ ಕಾದಂಬರಿಕಾರ ಥ್ಯಾಕರೆಗೆ ಈತ ಸ್ವಂತ ಚಿಕ್ಕಪ್ಪನೆಂಬುದನ್ನು ಕಾದಂಬರಿಪ್ರಿಯರು ನೆನೆಯಬಹುದು. ಅವನ ಕೈಕೆಳಗಿನ ಸ್ಟೀವನ್‌ಸನ್, ಎಲಿಯಟ್ ಎಂಬ ಇಬ್ಬರು ಸೆರೆಯಾದರು. ಡಿಸೆಂಬರದಲ್ಲಿ ಮತ್ತೆ ದೊಡ್ಡ ದಂಡು ಬಂದು ಕೋಟೆಯನ್ನು ಹಿಡಿಯಿತು. ಚೆನ್ನಮ್ಮನನ್ನು ಬೈಲಹೊಂಗಲದಲ್ಲಿ ಸೆರೆಯಿಟ್ಟರು. ೧೮೨೯ರಲ್ಲಿ ಅಲ್ಲಿಯೇ ಆಕೆ ಕಣ್ಣು ಮುಚ್ಚಿದಳು. ಆಕೆಯ ಸಮಾಧಿ ಊರಿನ ನಡುವೆಯೇ ಇದೆ. ಶಾಲೆಯ ಮಕ್ಕಳು ದಿನವೂ ಅದರ ಮಗ್ಗುಲಲ್ಲಿ ಹಾದುಹೋಗುತ್ತಾರೆ.

ಕೋಟೆ ಬಿದ್ದದ್ದಕ್ಕೆ ಜನ ಒಬ್ಬ ತಪ್ಪಿತಸ್ಥನನ್ನು ಹುಡುಕಿದರು. ಮದ್ದಿನಲ್ಲಿ ಸಗಣಿ ಬೆರೆಸಿದರೆಂದು ಲಾವಣಿಕಾರರು ಹಾಡಿದರು. ಮಲ್ಲಪ್ಪಶೆಟ್ಟಿ, ವೆಂಕಟರಾವ್ ಎಂಬ ಎರಡು ಹೆಸರುಗಳು ಆ ನಾಡಿನಲ್ಲಿ ಬೈಗುಳಾಗಿ ಉಳಿದುವು. ಇತಿಹಾಸಕಾರರು ತೋಪುಗಳ ಸಂಖ್ಯೆಯನ್ನೂ ದಂಡಿನ ಗಾತ್ರವನ್ನೂ ಲೆಕ್ಕ ಹಾಕಬಹುದು. ಊರಿನ ನೆನಪಿಗೆ ಬೇಕಾದದ್ದು ಒಂದು ಮುಖ.

ಆ ವರ್ಷ ಚೆನ್ನಮ್ಮನ ವಿಜಯಕ್ಕೆ ಇನ್ನೂರು ತುಂಬಿತ್ತು. ಕಿತ್ತೂರಿನಲ್ಲಿ ಸರಕಾರದ ದೊಡ್ಡ ಉತ್ಸವ. ಬೆಳಿಗ್ಗೆ ಶಾಲೆಯಲ್ಲಿ ಸಣ್ಣ ಉತ್ಸವ, ಮಧ್ಯಾಹ್ನ ಎಲ್ಲರೂ ಕಿತ್ತೂರಿಗೆ ಹೊರಡುವುದೆಂದು ಗೊತ್ತಾಗಿತ್ತು. ಸಭಾಭವನದಲ್ಲಿ ಮಕ್ಕಳ ನಾಟಕ. ಅದಕ್ಕೆ ಮುಂಚೆ ೧೯೬೧ರ 'ಕಿತ್ತೂರು ಚೆನ್ನಮ್ಮ' ಚಿತ್ರದ ಕೆಲವು ದೃಶ್ಯಗಳನ್ನು ತೋರಿಸುವುದಿತ್ತು, ಬಿ. ಆರ್. ಪಂತುಲು ಅವರು ನಿರ್ದೇಶಿಸಿ ಬಿ. ಸರೋಜಾದೇವಿಯವರು ಚೆನ್ನಮ್ಮನಾಗಿ ನಟಿಸಿದ ಚಿತ್ರ. ಕಾಕಾ ಅದನ್ನು ಬಾಲ್ಯದಲ್ಲಿ ಟೂರಿಂಗ್ ಟಾಕೀಸಿನ ಮಣ್ಣಿನ ಮೇಲೆ ಕುಳಿತು ನೋಡಿದವನು. ಎಂಟು ದಿನದಿಂದ ಮಕ್ಕಳಿಗೆಲ್ಲ ಅದನ್ನೇ ಹೇಳುತ್ತಿದ್ದ.

ಹತ್ತು ಗಂಟೆಗೆ ಅತಿಥಿಗಳು ಬಂದರು. ತಾಯಂದಿರು, ಅಜ್ಜಿಯರು, ಸಮಿತಿಯವರು, ಕೂಡಲು ಜಾಗವಿಲ್ಲ. ಹೆಡ್‌ಮಾಸ್ತರರು ಗಾಜಿನ ಫಲಕವನ್ನು ಮುಟ್ಟಿದರು. ದೀಪಗಳು ಮಂಕಾದುವು. ಪರದೆ ಇಳಿಯಿತು. ಇಷ್ಟೇ. ಪ್ರೊಜೆಕ್ಟರು ಕಣ್ಣು ತೆರೆಯಲಿಲ್ಲ. ಮೈಕಿನಲ್ಲಿ ಉಸಿರಿಲ್ಲ, ಆ ಧ್ವನಿಯ ಪೆಟ್ಟಿಗೆ ಎದ್ದಾಗ ಬಾಯಿ ಮುಚ್ಚಿಕೊಂಡೇ ಏಳುವಂಥದು, ಕಾರಭಾರಿ ಬಂದು ಹೇಳುವವರೆಗೆ ತೆರೆಯದು. ಮತ್ತೆ ಮುಟ್ಟಿದರು. ಮತ್ತೆ. ತಪ್ಪು ಗುರುತು ಹೇಳುತ್ತ ಐದಾರು ಸಲ ತಟ್ಟಿದವನಿಗೆ ಕೆಲಹೊತ್ತು ಕದವನ್ನೇ ಮುಚ್ಚಿಬಿಡುವುದು ಈ ಯಂತ್ರಗಳ ರೂಢಿ; ಹೀಗಾಗಿ ಫಲಕವನ್ನು ಎಷ್ಟು ಸಲ ಮುಟ್ಟಿದರೂ ಅಷ್ಟೇ. ಮಂಕು ಬೆಳಕಿನಲ್ಲಿ ಮುನ್ನೂರು ಜನ ಬಿಳಿಯ ಪರದೆಯನ್ನು ನೋಡುತ್ತ ಕುಳಿತರು.

ಬೆಳಿಗ್ಗೆ ಯಾರು ಈ ಕೋಣೆಗೆ ಬಂದಿದ್ದರೆಂದು ಹೆಡ್‌ಮಾಸ್ತರರು ಕೇಳಿದರು. ಕಾಕಾ ಒದ್ದೆ ಅರಿವೆಯಿಂದ ಕಪಾಟನ್ನು ಒರೆಸಿದ್ದ. ಅಷ್ಟು ಸಾಕಾಯಿತು. ಸಿಟ್ಟಿನಲ್ಲಿ ಹೆಡ್‌ಮಾಸ್ತರರು ಆಡಿದ ಮಾತುಗಳು ಮೈಕು ಇಲ್ಲದೆಯೂ ಹಿಂದಿನ ಸಾಲಿಗೆ ಕೇಳಿದುವು. ಕಾಕಾ ತಲೆ ತಗ್ಗಿಸಿ ನಿಂತ. ಮಾಸ್ತರರು ಕಪಾಟಿನ ಮುಂದೆ ಕುಳಿತು ತಂತಿಗಳನ್ನು ಅಲುಗಿಸುತ್ತಿದ್ದರು. ಆಗ ಅವರಿಗೆ ನಿಜವಾಗಿಯೂ ಕಾರಣ ತಿಳಿದಿರಲಿಲ್ಲವೆಂಬುದನ್ನು ಅವರ ಪರವಾಗಿ ಹೇಳಬೇಕು.

ನಾಟಕವೇನೋ ನಡೆಯಿತು. ಚೆನ್ನಮ್ಮನ ಪಾತ್ರದ ಎಂಟನೆಯ ಇಯತ್ತೆಯ ಹುಡುಗಿ ಮೈಕಿನ ಆಸೆ ಬಿಟ್ಟು ಹೊಟ್ಟೆಯಿಂದ ಧ್ವನಿ ತೆಗೆದಳು. ಅದು ಕಿಟಕಿಯಾಚೆಯ ರಸ್ತೆಯವರೆಗೆ ಹೋಯಿತು. ಜನ ಚಪ್ಪಾಳೆ ತಟ್ಟಿದರು. ಆದರೆ ನಾಟಕ ಮುಗಿದು ಮಕ್ಕಳು ಹೊರಬರುವಾಗ, ಅವರಲ್ಲೊಬ್ಬ ತುಂಟ ಬಾಗಿಲಲ್ಲಿ ನಿಂತ ಮುದುಕನನ್ನು ನೋಡಿ, "ಮಲ್ಲಪ್ಪಶೆಟ್ಟಿ ಬಂದಾನ್ರೋ!" ಎಂದ. ಉಳಿದವರು ನಕ್ಕರು. ಮಾರನೆಯ ದಿನ ಇಡೀ ಶಾಲೆಯೇ ಹಾಗೆ ಕರೆಯತೊಡಗಿತು. ಬೇರೆ ಊರಿನಲ್ಲಾದರೆ ಅದೊಂದು ಹುಡುಗಾಟಿಕೆಯ ಹೆಸರು. ಬೈಲಹೊಂಗಲದಲ್ಲಿ, ರಾಣಿ ಸೆರೆಯಲ್ಲಿ ಸತ್ತ ಊರಿನಲ್ಲಿ, ಅದು ಹಾಗಲ್ಲ.

೨೩ರ ರಾತ್ರಿ ಮಾಸ್ತರರು ತಮ್ಮ ಹಳೆಯ ಶಿಷ್ಯನೊಬ್ಬನಿಗೆ ಫೋನು ಮಾಡಿದರು. ರಾಮದುರ್ಗದ ನೇಕಾರರ ಮನೆಯ ಹುಡುಗ. ಸೋದರಮಾವನ ಮನೆಯಲ್ಲಿದ್ದು ಈ ಶಾಲೆಯಲ್ಲಿ ಓದಿ, ಈಗ ಹುಬ್ಬಳ್ಳಿಯಲ್ಲಿ ಇಂಥ ಯಂತ್ರಗಳನ್ನು ಜೋಡಿಸುವ ಕೆಲಸ ಮಾಡುತ್ತಿದ್ದಾನೆ. ಎಲ್ಲವನ್ನೂ ಕೇಳಿದ ಅವನು ಒಂದೇ ಪ್ರಶ್ನೆ ಹಾಕಿದ: "ಈಚೀಚೆ ಯಾರರೆ ಪಾಸ್‌ವರ್ಡ್ ಬದಲಿ ಮಾಡ್ಯಾರೇನ್ರಿ ಸರ?"

ಮಾಸ್ತರರಿಗೆ ಗಂಟಲು ಕಟ್ಟಿತು. "ನೋಡಿ ಹೇಳ್ತೀನಿ" ಎಂದು ಫೋನಿಟ್ಟರು.

ಗುರುವಾರ ಅವರು ಹೇಳಲಿಲ್ಲ. ಶುಕ್ರವಾರವೂ ಹೇಳಲಿಲ್ಲ. ಮೂವತ್ತಮೂರು ವರ್ಷ ವಿಜ್ಞಾನ ಕಲಿಸಿ, ಇನ್ನು ಏಳು ತಿಂಗಳಲ್ಲಿ ಹಾರ ಹಾಕಿಸಿಕೊಂಡು ಹೋಗಬೇಕಾದವರು. ಮುನ್ನೂರು ಜನರ ಮುಂದೆ ಶಾಲೆಯ ಮುಖ ಕೆಡಿಸಿದ್ದು ತಾವೇ ಎಂದು ಹೇಳುವುದು ಸುಲಭವಲ್ಲ. ಹೇಳದಿರಲು ದಿನಕ್ಕೊಂದು ಕಾರಣ ಸಿಕ್ಕಿತು. ಮಾಡಿದ್ದು ಒಳ್ಳೆಯದಕ್ಕೇ ಅಲ್ಲವೆ? ಕಾಕಾನಿಗೇನು ನೌಕರಿ ಹೋಗಿಲ್ಲವಲ್ಲ? ಮಕ್ಕಳು ನಾಳೆ ಮರೆಯುತ್ತಾರೆ. ಶುಕ್ರವಾರ ಸಂಜೆ ಗಂಟೆ ಹೊಡೆಯುವಾಗ ಕಾಕಾ ಎರಡು ಪೆಟ್ಟು ಕಡಿಮೆ ಹೊಡೆದ. ಮೂವತ್ತು ವರ್ಷಗಳಲ್ಲಿ ಹಾಗಾದದ್ದನ್ನು ಮಾಸ್ತರರು ಕಂಡಿರಲಿಲ್ಲ.

ಶನಿವಾರ ಹುಡುಗ ಬಂದ. ರಾಮದುರ್ಗದ ಮನೆಗೆ ಬಂದಿದ್ದವನು ಬೆಳಗಿನ ಬಸ್ಸಿಗೆ ಸವದತ್ತಿಯ ಮೇಲೆ ಹಾದು, ತಾಯಿ ಕಟ್ಟಿಕೊಟ್ಟ ರೊಟ್ಟಿಯ ಗಂಟಿನೊಡನೆ ಹತ್ತಕ್ಕೆ ಇಳಿದ. ಕೋಣೆಯಲ್ಲಿ ಹೆಡ್‌ಮಾಸ್ತರರು, ಮಾಸ್ತರರು, ಬಾಗಿಲಲ್ಲಿ ಕಾಕಾ. ಹುಡುಗ ತನ್ನ ಲ್ಯಾಪ್‌ಟಾಪನ್ನು ಕಪಾಟಿಗೆ ಜೋಡಿಸಿ ಪ್ರೊಜೆಕ್ಟರಿನ ಬಾಗಿಲಿಗೆ ಹೋದ. ಹಳೆಯ ಗುರುತು ನಡೆಯಲಿಲ್ಲ. ಅವನು ಒಂದು ಕ್ಷಣ ಛಾವಣಿಯನ್ನು ನೋಡಿ, ಏನನ್ನೋ ಒತ್ತಿದ. ಬಾಗಿಲು ತೆರೆಯಿತು.

"ಏನ್ ಒತ್ತಿದ್ಯೋ?" ಎಂದರು ಹೆಡ್‌ಮಾಸ್ತರರು.

"ಕಿತ್ತೂರು ೧೮೨೪, ಸರ. ಈ ಸೀಮ್ಯಾಗ ಹತ್ತ ಪಾಸ್‌ವರ್ಡಿನ್ಯಾಗ ನಾಕು ಅದ ಇರ್ತಾವು. ಉಳಿದದ್ದು ಯಲ್ಲಮ್ಮ."

ಮಾಸ್ತರರ ಕಿವಿ ಕೆಂಪಾದುವು. ಅವರ ದಿನಚರಿಯಲ್ಲಿ ಬರೆದದ್ದು ಅದೇ. ಮಿರಾಯ್‌ಗೆ ಹೆದರಿ ಬಾಗಿಲು ಹಾಕಿದವರು ಕೀಲಿಕೈಯನ್ನು ಹೊಸ್ತಿಲ ಮೇಲೆಯೇ ಇಟ್ಟು ಬಂದಿದ್ದರು.

ಯಂತ್ರ ತನ್ನಲ್ಲಿ ನಡೆದುದಕ್ಕೆಲ್ಲ ದಫ್ತರವಿಟ್ಟಿರುತ್ತದೆ. ಹುಡುಗ ಅದನ್ನು ಓದಿದ: ಅಕ್ಟೋಬರ ೧೪, ರಾತ್ರಿ ೮ ಗಂಟೆ ೩೧ ನಿಮಿಷ, ಪಾಸ್‌ವರ್ಡ್ ಬದಲಾಯಿತು. ಬದಲಿಸಿದವರು, 'ಅಡ್ಮಿನ್'.

"ಅಡ್ಮಿನ್ ಅಂದ್ರ ಯಾರು?"

"ಯಾರರೆ ಆಗಬಹುದ್ರಿ. ಎಲ್ಲಾರೂ ಒಂದ ಹೆಸರ ಹೇಳಿ ಒಳಗ ಹೋದ್ರ ಯಂತ್ರಕ್ಕ ಎಲ್ಲಾರೂ ಒಬ್ಬರ. ಚೀಟಿ ಓದಿದವ್ರು ಯಾರಿದ್ರೂ ಅಡ್ಮಿನ್."

ಹೆಡ್‌ಮಾಸ್ತರರು ಚೀಟಿಯನ್ನು ನೋಡಿದರು. ಆಮೇಲೆ ಬಾಗಿಲನ್ನು ನೋಡಿದರು. "ರಜಾದಾಗ ಕೀಲಿಕೈ ಯಾರ ಕೈಯಾಗಿತ್ತು?"

ಗೊಂಚಲು ಸೊಂಟದಲ್ಲಿದ್ದ ಮುದುಕ ಏನೂ ಹೇಳಲಿಲ್ಲ.

ಅಲ್ಲಿಗೆ ಮಾಸ್ತರರ ಕಾರಣಗಳೆಲ್ಲ ಮುಗಿದುವು. "ನನ್ನ ಕೈಯಾಗಿತ್ತು. ನಾನ ಬದಲಿ ಮಾಡಿದ್ದು. ಬುಧವಾರ ರಾತ್ರೀನ ಗೊತ್ತಾಗಿತ್ತು" ಎಂದರು. ಕಾಕಾನ ಕಡೆ ತಿರುಗಿ ಇನ್ನೇನೋ ಹೇಳಹೋದರು, ಮಾತು ಬರಲಿಲ್ಲ.

"ನನಗ ಗೊತ್ತಿತ್ರಿ ಸರ" ಎಂದ ಕಾಕಾ. "ಕೀಲಿಕೈ ಒಯ್ದವ್ರು ನೀವ ಅಲ್ರಿ?"

"ಮತ್ತ ಯಾಕ ಹೇಳ್ಲಿಲ್ಲ?"

"ನೀವ ಹೇಳ್ತೀರಿ ಅಂತ."

ಸೋಮವಾರದ ಪ್ರಾರ್ಥನೆಯ ಹೊತ್ತಿಗೆ ಮಾಸ್ತರರು ಮಕ್ಕಳ ಮುಂದೆ ಇದನ್ನೇ ಮತ್ತೊಮ್ಮೆ ಹೇಳಿದರು. ಹೆಡ್‌ಮಾಸ್ತರರೂ ತಮ್ಮ ಪಾಲನ್ನು ಹೇಳಿದರು. ಅದನ್ನು ವಿಸ್ತರಿಸಬೇಕಾದುದಿಲ್ಲ. ಶನಿವಾರ ಉಳಿದ ಹೊತ್ತೆಲ್ಲ ಹೋದದ್ದು ಕೀಲಿಕೈಗಳನ್ನು ಹೊಸದಾಗಿ ಹಂಚುವುದರಲ್ಲಿ. ಅದನ್ನಾದರೋ ಸ್ವಲ್ಪ ವಿವರವಾಗಿಯೇ ಹೇಳಬೇಕು. ಏಕೆಂದರೆ ಊರೂರಿನ ಶಾಲೆಗಳಲ್ಲಿ ಈಗ ಇಂಥ ಕಪಾಟುಗಳಿವೆ, ಅವುಗಳ ಬಾಗಿಲಲ್ಲಿ ಇಂಥ ಚೀಟಿಗಳಿವೆ.

ಹುಡುಗ ಮೊದಲು ಯಂತ್ರಗಳನ್ನು ಮುಟ್ಟಲಿಲ್ಲ. ಒಂದು ಹಾಳೆಯ ಮೇಲೆ ಯಾವ ಯಂತ್ರ, ಎಲ್ಲಿದೆ, ಜಾಲದಲ್ಲಿ ಅದರ ವಿಳಾಸವೇನು, ಅದರ ಬಳಿ ಯಾರು ಯಾರು ಹೋಗಬೇಕು ಎಂದು ಬರೆದ. ಮಗ್ಗ ಹೂಡುವ ಮುನ್ನ ಹಾಸಿನ ಎಳೆಗಳನ್ನು ಎಣಿಸುವ ಮನೆಯಲ್ಲಿ ಬೆಳೆದವನಲ್ಲವೆ! ಆಮೇಲೆ ಕಾರಭಾರಿಯ ಬಾಗಿಲು ಬಡಿತವನ್ನು ನಿಲ್ಲಿಸಿದ. ಅದು ಬಡಿಯುತ್ತಲೇ ಇದ್ದರೆ ಮುಚ್ಚಿದ ಕದ ತೆರೆಯುವುದೇ ಇಲ್ಲ. ಬಳಿಕ ಒಂದೊಂದೇ ಯಂತ್ರ. ಯಂತ್ರದಲ್ಲಿ ಹೊಸ ಗುರುತು ಇಡುವುದು, ಒಡನೆಯೇ ಅದನ್ನು ಕಂಟ್ರೋಲರಿನಲ್ಲಿ ಬರೆಯುವುದು, ಗಾಜಿನ ಫಲಕ ಮುಟ್ಟಿ ನೋಡುವುದು, ಅದು ಸರಿಹೋದ ಮೇಲೆಯೇ ಮುಂದಿನದು. ಎಲ್ಲಕ್ಕೂ ಒಂದೇ ಪಾಸ್‌ವರ್ಡ್ ಕೂಡದೆಂದ. ಒಂದು ಕದ ಮುರಿದರೆ ಎಲ್ಲ ಕದಗಳೂ ತೆರೆಯಬಾರದು. ಯಂತ್ರವು ಎರಡು ಹೆಸರುಗಳಿಗೆ ಎಡೆಗೊಡುವಲ್ಲಿ ಕಂಟ್ರೋಲರಿಗೇ ಬೇರೆ ಹೆಸರು ಕೊಟ್ಟು, ಅದಕ್ಕೆ ಹೊತ್ತಿಸುವ ಆರಿಸುವ ಅಧಿಕಾರವನ್ನಷ್ಟೇ ಬಿಟ್ಟ. ಕಾರಭಾರಿಗೆ ಆಳನ್ನು ಎಬ್ಬಿಸುವ ಹಕ್ಕಿದ್ದರೆ ಸಾಕು, ಮನೆಯ ಪತ್ರಕ್ಕೆ ಸಹಿ ಹಾಕುವ ಹಕ್ಕು ಬೇಡ.

ಪ್ರೊಜೆಕ್ಟರಿನಲ್ಲಿ ಒಂದು ತೊಡಕು ಬಂತು. ಮಾಸ್ತರರು ಈ ಸಲ ಗಟ್ಟಿಯಾಗಿರಲೆಂದು ಚುಕ್ಕೆ, ನಕ್ಷತ್ರ, ಆಶ್ಚರ್ಯಚಿಹ್ನೆಗಳನ್ನೆಲ್ಲ ಸೇರಿಸಿ ಒಂದು ಪದವನ್ನು ಹೆಣೆದುಕೊಟ್ಟರು. ಹುಡುಗ ತಲೆಯಾಡಿಸಿದ. ಬೇರೆ ಬೇರೆ ಕಂಪನಿಗಳ ಪ್ರೊಜೆಕ್ಟರುಗಳಿಗೆ ಒಂದೇ ಭಾಷೆ ಇರಲೆಂದು ಜಪಾನಿನ ಉದ್ಯಮಿಗಳ ಸಂಘವೊಂದು 'ಪಿಜೆಲಿಂಕ್' ಎಂಬ ಮಾತಿನ ಕ್ರಮವನ್ನು ಮಾಡಿಟ್ಟಿದೆ. ಅದರಲ್ಲಿ ಇಂಗ್ಲಿಷ್ ಅಕ್ಷರ, ಅಂಕಿಗಳಿಗೆ ಮಾತ್ರ ಎಡೆ, ಅದೂ ೩೨ರವರೆಗೆ. ಆದರೆ ಅದರ ರೀತಿ ಸೊಗಸಾದುದು. ಬಾಗಿಲು ತಟ್ಟಿದವನಿಗೆ ಪ್ರೊಜೆಕ್ಟರು ಮನಸ್ಸಿಗೆ ಬಂದ ಒಂದು ಸಂಖ್ಯೆಯನ್ನು ಕೊಡುತ್ತದೆ. ತಟ್ಟಿದವನು ಆ ಸಂಖ್ಯೆಗೆ ತನ್ನ ಗುಪ್ತಪದವನ್ನು ಕೂಡಿಸಿ, ಎರಡನ್ನೂ ಒಟ್ಟಿಗೆ ಅರೆದು, ಬಂದ ಹಿಟ್ಟನ್ನು ಮಾತ್ರ ಕಳಿಸಬೇಕು. ಪ್ರೊಜೆಕ್ಟರು ತಾನೂ ಹಾಗೆಯೇ ಅರೆದು ನೋಡಿ, ಎರಡು ಹಿಟ್ಟೂ ಒಂದೇ ಆಗಿದ್ದರೆ ಒಳಗೆ ಬಿಡುತ್ತದೆ. ಗುಪ್ತಪದ ತಂತಿಯ ಮೇಲೆ ಒಮ್ಮೆಯೂ ಹಾಯುವುದಿಲ್ಲ. ಇಂದಿನ ಉತ್ತರ ನಾಳೆಗೆ ಸಲ್ಲುವುದಿಲ್ಲ. ಅರೆಯುವ ಆ ಕಲ್ಲು ೧೯೯೧ರದು, ಈಗ ಸವೆದಿದೆ. ಆದ್ದರಿಂದ ಈ ಯಂತ್ರಗಳ ಜಾಲವನ್ನೇ ಮಕ್ಕಳ ವೈಫೈಯಿಂದ ಬೇರ್ಪಡಿಸಿ, ಹೊರಗಿನ ಇಂಟರ್‌ನೆಟ್ಟಿನಿಂದ ಒಳಗೆ ಬರುವ ಹಾದಿಯನ್ನು ಮುಚ್ಚುವುದು ಲೇಸೆಂದು ಹಾಗೆಯೇ ಮಾಡಿದ.

ಪದಗಳ ಆಯ್ಕೆಗೆ ಕಾಕಾನೂ ಸೇರಿದ. ತಮ್ಮಲ್ಲಿ ಯಾವ ಸಂಬಂಧವೂ ಇಲ್ಲದ ನಾಲ್ಕು ಪದಗಳನ್ನು ಒತ್ತಿಗೆ ಇಟ್ಟರೆ ಅದು ನಕ್ಷತ್ರ ಚುಕ್ಕೆಗಳಿಗಿಂತ ಗಟ್ಟಿ, ನೆನಪಿಗೂ ಹಗುರ. ಮೂರು ತಿಂಗಳಿಗೊಮ್ಮೆ ಬದಲಿಸಿರೆಂದು ಜನರನ್ನು ಕಾಡುವುದು ಕೂಡದೆಂದು ಅಮೇರಿಕೆಯ ಮಾನಕ ಸಂಸ್ಥೆಯೇ ೨೦೧೭ರಲ್ಲಿ ತನ್ನ ಹಳೆಯ ಸಲಹೆಯನ್ನು ತಿದ್ದಿಕೊಂಡಿತು. ಹಳೆಯ ಸಲಹೆಯನ್ನು ಬರೆದವರೇ ಆ ವರ್ಷ ಪಶ್ಚಾತ್ತಾಪಪಟ್ಟರು. ಮನೆಯ, ಹೊಲದ, ಅಡಿಗೆಯ ಸಾಮಾನುಗಳ ಹೆಸರುಗಳು ಚೀಟಿಗಳಾಗಿ ಕಾಕಾನ ಟೊಪ್ಪಿಗೆಗೆ ಬಿದ್ದುವು. ಕಣ್ಣು ಮುಚ್ಚಿ ನಾಲ್ಕು ನಾಲ್ಕನ್ನು ಎತ್ತಿದರು. ಒಂದು ಸಲ ಬಂದ ಜೋಡಣೆಗೆ ಹೆಡ್‌ಮಾಸ್ತರರೂ ನಕ್ಕರು. ಅದು ಏನೆಂದು ಇಲ್ಲಿ ಹೇಳಲಾಗದಷ್ಟೆ.

ಊಟದ ಹೊತ್ತಿಗೆ ಹುಡುಗನೊಂದು ಕಥೆ ಹೇಳಿದ. 'ಕಿತ್ತೂರು ಚೆನ್ನಮ್ಮ' ಚಿತ್ರ ಬಂದ ಸುಮಾರು ಅದೇ ವರ್ಷಗಳಲ್ಲಿ ಅಮೇರಿಕೆಯ ಎಂ.ಐ.ಟಿ. ವಿದ್ಯಾಲಯದಲ್ಲಿ ಕೊರ್ಬಾಟೋ ಎಂಬವರ ತಂಡ ಹಲವರು ಒಂದೇ ಗಣಕಯಂತ್ರವನ್ನು ಬಳಸುವ ಏರ್ಪಾಟು ಮಾಡಿ, ಒಬ್ಬರ ಕಡತ ಇನ್ನೊಬ್ಬರಿಗೆ ಸಿಗದಿರಲೆಂದು ಪಾಸ್‌ವರ್ಡ್ ಇಟ್ಟಿತು. ಅಲ್ಲಿನ ಸಂಶೋಧನ ವಿದ್ಯಾರ್ಥಿ ಶೆರ್ ಎಂಬವರಿಗೆ ವಾರಕ್ಕೆ ಸಿಗುವ ಯಂತ್ರದ ಹೊತ್ತು ಸಾಲದಾಯಿತು. ೧೯೬೨ರಲ್ಲಿ ಅವರು ಪಾಸ್‌ವರ್ಡುಗಳ ಕಡತವನ್ನೇ ಮುದ್ರಿಸಿಕೊಡೆಂದು ಯಂತ್ರಕ್ಕೆ ಕಾರ್ಡು ಹಾಕಿದರು; ಅದು ಮುದ್ರಿಸಿ ಕೊಟ್ಟಿತು. ಎಷ್ಟೋ ವರ್ಷಗಳ ಮೇಲೆ ಅವರು ತಾವಾಗಿ ಇದನ್ನು ಹೇಳಿಕೊಂಡರು.

"ಎಷ್ಟೋ ವರ್ಷ ಅಂದ್ರ?" ಎಂದರು ಮಾಸ್ತರರು.

"ಇಪ್ಪತ್ತ ವರ್ಷದ ಮ್ಯಾಲ ಅಂತ್ರಿ."

"ಹಾಂಗಾದ್ರ ಮೂರ ದಿನ ಭಾಳ ಏನಲ್ಲ ಬಿಡ್ರಿ ಸರ" ಎಂದ ಕಾಕಾ ರೊಟ್ಟಿ ಮುರಿಯುತ್ತ. ಬುಧವಾರದಿಂದ ಆತ ಆಡಿದ ಮೊದಲನೆಯ ತಮಾಷೆಯ ಮಾತು ಅದು.

ಕೊನೆಗೆ ಉಳಿದದ್ದು ಕಂಟ್ರೋಲರಿನದೇ ಗುಪ್ತಪದ. ಉಳಿದೆಲ್ಲವುಗಳ ಗುರುತುಗಳೂ ಅದರ ಹೊಟ್ಟೆಯಲ್ಲಿರುವುದರಿಂದ ಅದೇ ಮೂಲಭಂಡಾರ. ಅದು ಯಾರಲ್ಲಿರಬೇಕು? ಒಬ್ಬರಲ್ಲೇ ಇದ್ದರೆ, ಅವರು ನಿವೃತ್ತರಾದ ದಿನ ಅಥವಾ ಇನ್ನೇನಾದರೂ ಆದ ದಿನ ಸಭಾಭವನ ಮೂಕವಾಗುತ್ತದೆ. ಎಲ್ಲರಲ್ಲಿದ್ದರೆ ಮತ್ತೆ 'ಅಡ್ಮಿನ್' ಬಂದಂತೆಯೇ. ಹೆಡ್‌ಮಾಸ್ತರರಿಗೆ ಸವದತ್ತಿಯ ಗುಡ್ಡದ ಮೇಲಿನ ಹುಂಡಿ ನೆನಪಾಯಿತು. ಯಲ್ಲಮ್ಮನ ಹುಂಡಿಯನ್ನು ಯಾರೂ ಒಬ್ಬರೇ ಹೋಗಿ ತೆರೆಯುವುದಿಲ್ಲ; ಅಧಿಕಾರಿಗಳು, ಪೊಲೀಸರು, ದೇವಸ್ಥಾನದವರು ಎಲ್ಲರ ಕಣ್ಣೆದುರಿಗೇ ಎಣಿಕೆ. ಅದೇ ಕ್ರಮವನ್ನು ಇಲ್ಲಿಯೂ ಇಟ್ಟರು. ಗುಪ್ತಪದವನ್ನು ಬರೆದು ಲಕೋಟೆಯಲ್ಲಿಟ್ಟು, ಮಡಿಕೆಯ ಮೇಲೆ ಮ��ವರ ಸಹಿ ಹಾಕಿ, ಅರಗಿನ ಮೊಹರು ಒತ್ತಿ ಹೆಡ್‌ಮಾಸ್ತರರ ತಿಜೋರಿಗೆ ಸೇರಿಸಿದರು. ಮೂವರಲ್ಲಿ ಒಂದು ಸಹಿ ಕಾಕಾನದು. ಥ್ಯಾಕರೆಯ ಮೊಹರಿಗೂ ಇದಕ್ಕೂ ಇರುವ ಅಂತರವನ್ನು ಮಾಸ್ತರರು ಮನಸ್ಸಿನಲ್ಲೇ ಅಂದುಕೊಂಡಿರಬೇಕು. ಬಾಯಿಬಿಟ್ಟು ಹೇಳುವ ಧೈರ್ಯ ಆ ದಿನ ಅವರಿಗಿರಲಿಲ್ಲ.

ಇಷ್ಟಾದ ಮೇಲೂ ಹುಡುಗ ಕಪಾಟಿನೊಳಗೆ ಬೆರಳಿಟ್ಟು, ಗುಂಡುಸೂಜಿ ಹೋಗುವಷ್ಟು ಸಣ್ಣದೊಂದು ತೂತನ್ನು ತೋರಿಸಿದ. ಅದರಲ್ಲಿ ಸೂಜಿಯನ್ನು ಅಷ್ಟು ಹೊತ್ತು ಒತ್ತಿ ಹಿಡಿದರೆ ಯಂತ್ರವು ಎಲ್ಲವನ್ನೂ ಮರೆತು ಕಾರಖಾನೆಯಿಂದ ಬಂದ ದಿನದ ಕೂಸಾಗುತ್ತದೆ. ಗುಪ್ತಪದವನ್ನು ಮರೆತವರಿಗೆ ಅದೊಂದು ಉಪಾಯ. ಬೇಡದವರ ಕೈಗೆ ಸಿಕ್ಕರೆ ಅಪಾಯ. "ಹಂಗಾರ ಈ ಕಪಾಟಿಗೆ ಕೀಲಿ ಬೇಕಲ್ರಿ" ಎಂದ ಕಾಕಾ. ನಾಲ್ಕು ಪದಗಳ ಗುಪ್ತಮಂತ್ರಗಳನ್ನೆಲ್ಲ ಕಾಯಲು ಕೊನೆಗೆ ಬೇಕಾದದ್ದು ಪೇಟೆಯ ಹಾರ್ಡ್‌ವೇರ್ ಅಂಗಡಿಯ ಒಂದು ಬೀಗ. ಅದರ ಕೀಲಿಕೈ ಹಳೆಯ ಗೊಂಚಲಿಗೆ ಸೇರಿತು.

ಬಾಗಿಲಿನ ಚೀಟಿಯನ್ನು ಕಿತ್ತರು. ಗಾಜಿನ ಫಲಕಕ್ಕೆ ಒಬ್ಬೊಬ್ಬರಿಗೂ ಬೇರೆ ಹೆಸರು, ಬೇರೆ ಅಂಕಿಗಳಾದುವು. ಕಾಕಾ ತನ್ನ ಅಂಕಿಗಳನ್ನು ಒತ್ತುವಾಗ ಮೂವರಿಗೂ ಆಚೆ ಮುಖ ಮಾಡಿ ನಿಲ್ಲಲು ಹೇಳಿದ, ಹೆಡ್‌ಮಾಸ್ತರರೂ ನಿಂತರು.

೨೦೨೫ರ ಜನವರಿ ೨೬ರಂದು ಗಣರಾಜ್ಯದ ದಿನ. ಸಂಗೊಳ್ಳಿ ರಾಯಣ್ಣನನ್ನು ೧೮೩೧ರಲ್ಲಿ ನಂದಗಡದಲ್ಲಿ ಗಲ್ಲಿಗೇರಿಸಿದ್ದೂ ಅದೇ ತಾರೀಖು. ಆ ಭಾಗದ ಶಾಲೆಗಳಲ್ಲಿ ಎರಡನ್ನೂ ಕೂಡಿಯೇ ನೆನೆಯುತ್ತಾರೆ. ಧ್ವಜ ಏರಿದ ಮೇಲೆ ಜನ ಸಭಾಭವನಕ್ಕೆ ಬಂದರು. ಫಲಕದ ಮುಂದೆ ಕಾಕಾ ನಿಂತಿದ್ದ. ದೀಪ ಮಂಕಾಯಿತು, ಪರದೆ ಇಳಿಯಿತು, ಪ್ರೊಜೆಕ್ಟರು ಬೆಳಗಿತು. ಅಕ್ಟೋಬರದಲ್ಲಿ ತಪ್ಪಿಹೋದ ದೃಶ್ಯಗಳನ್ನು ಆ ದಿನ ತೋರಿಸಿದರು. ಕಾಕಾ ಬಾಗಿಲ ಬಳಿಯಲ್ಲೇ ನೆಲದ ಮೇಲೆ ಕುಳಿತು ನೋಡಿದ.

ಎಲ್ಲರೂ ಹೋದ ಮೇಲೆ ಮಾಸ್ತರರು ಯಂತ್ರದ ದಫ್ತರವನ್ನು ತೆರೆದು ಆತನಿಗೆ ತೋರಿಸಿದರು. ಬೆಳಿಗ್ಗೆ ೮ ಗಂಟೆ ೪೭ ನಿಮಿಷ, 'ಸಭೆ ಆರಂಭ', ಅದರ ಮುಂದೆ ಇಂಗ್ಲಿಷ್ ಅಕ್ಷರಗಳಲ್ಲಿ ಕಾಕಾನ ಹೆಸರು; ಶಾಲೆಯಲ್ಲಿ ಯಾರೂ ಕರೆಯದ, ಅಪ್ಪ ಅವ್ವ ಇಟ್ಟ ಪೂರ್ತಿ ಹೆಸರು. ಕಾಕಾ ಕನ್ನಡಕ ಏರಿಸಿ ಒಂದೊಂದೇ ಅಕ್ಷರವನ್ನು ಓದಿದ.

"ನಡುವ ಒಂದ ಅಕ್ಷರ ತಪ್ಪೇತ್ರಿ ಸರ."

"ಹೌದಲ್ಲೋ! ಆ ಹುಡುಗಗ ಹೇಳಿ ತಿದ್ದಿಸ್ತೀನಿ ತಡಿ."

"ಇರ್ಲಿ ಬಿಡ್ರಿ. ನಂದ ಅಂತ ಗೊತ್ತಾಗ್ತೈತಲ್ರಿ" ಎಂದು ಹೇಳಿ ಕಾಕಾ ಕಪಾಟಿಗೆ ಬೀಗ ಹಾಕಿದ.